ಮಳೆಗೆ ರದ್ದಾದ ಪಾಠ

"ಒಂದು ಪೈಸೆ ಆಚೀಚೆ ಆಗಿದ್ರೂ ತೋರಿಸಿ, ಇವತ್ತೇ ಈ ಕುರ್ಚಿ ಬಿಟ್ಟು ಏಳ್ತೀನಿ," ಎಂದು ಕಾರ್ಯದರ್ಶಿ ನಾಲ್ಕನೆಯ ತಗಡಿನ ಪೆಟ್ಟಿಗೆಯನ್ನೂ ತಂದು ಮೇಜಿನ ಮೇಲಿಟ್ಟಳು.

ಸರ್ವೇಯರಮ್ಮ ಪೆಟ್ಟಿಗೆ ಮುಟ್ಟಲಿಲ್ಲ. ಕ್ಲಬ್ಬಿನ ಲೆಕ್ಕವನ್ನು ಅವರು ನಿನ್ನೆಯೇ ನೋಡಿ ಮುಗಿಸಿದ್ದರು. ಪೈಸೆಗೆ ಪೈಸೆ ಸರಿಯಿತ್ತು. ಅವರ ತಲೆನೋವೇ ಅದು.

ಕಾರು ಕ್ಲಬ್ಬಿನ ಖಜಾಂಚಿ ಭಾನುವಾರ ಸಂಜೆಯಿಂದ ಕಾಣೆ. ಗಂಟು ಕಟ್ಟಿಕೊಂಡು ಓಡಿದ ಎಂದು ಊರೆಲ್ಲ ಮಾತು. ರೈಲು ನಿಲ್ದಾಣದ ಪಾರ್ಕಿಂಗಿನಲ್ಲಿ ಅವರ ಬಿಳಿ ಕಾರು ಸಿಕ್ಕ ಮೇಲಂತೂ ಪೊಲೀಸರೂ ಫೈಲು ಮಡಿಚಿಟ್ಟಿದ್ದರು: ಮುದುಕ ರೈಲು ಹತ್ತಿದ, ಮುಗಿಯಿತು. ಆದರೆ ಗಂಟು ಇದ್ದಲ್ಲೇ ಇತ್ತು. ದುಡ್ಡು ಕಳೆದು ಮನುಷ್ಯ ಸಿಕ್ಕ ಪ್ರಕರಣಗಳನ್ನು ಸರ್ವೇಯರಮ್ಮ ಬೇಕಾದಷ್ಟು ಕಂಡಿದ್ದರು. ದುಡ್ಡು ಉಳಿದು ಮನುಷ್ಯ ಕಳೆದದ್ದು ಇದೇ ಮೊದಲು.

ವಿಮಾ ಕಂಪನಿಗಾಗಿ ಅರ್ಧ ಆಯುಷ್ಯ ನುಜ್ಜುಗುಜ್ಜಾದ ಕಾರುಗಳನ್ನು ನೋಡಿದವರು ಅವರು. ಯಾವುದು ನಿಜವಾದ ಅಪಘಾತ, ಯಾವುದು ಪರಿಹಾರಕ್ಕಾಗಿ ಹೂಡಿದ ಆಟ ಎಂದು ತಗಡಿನ ಮೇಲೆ ಕೈಯಾಡಿಸಿ ಹೇಳುತ್ತಿದ್ದರು. ನಿವೃತ್ತಿಯಾದ ಮೇಲೆ ಅದೇ ಕೆಲಸ ಮುಂದುವರಿದಿತ್ತು. ಈಗ ನೋಡುವುದು ಮನುಷ್ಯರನ್ನು, ಅಷ್ಟೇ ವ್ಯತ್ಯಾಸ.

ಬಾಗಿಲ ಬಳಿಯ ಬೆಂಚಿನಲ್ಲಿ ಖಜಾಂಚಿಯ ಸೊಸೆ ಕೂತಿದ್ದಳು. ಹಲ್ಲಿನ ಸೆಟ್ಟು ತಯಾರಿಸುವಲ್ಲಿ ಅವಳಿಗೆ ಕೆಲಸ. ಉಗುರಿನ ಸಂದಿಯಲ್ಲಿ ಪ್ಲಾಸ್ಟರಿನ ಬಿಳಿ ಇನ್ನೂ ಹೋಗಿರಲಿಲ್ಲ. ಹೆತ್ತ ಮಗನೇ ತುಟಿ ಬಿಚ್ಚದೆ ಕೂತಾಗ, "ನಮ್ಮ ಮಾವ ಅಂಥವರಲ್ಲ" ಎಂದು ಸರ್ವೇಯರಮ್ಮನ ಮನೆ ಹುಡುಕಿಕೊಂಡು ಬಂದವಳು ಈ ಸೊಸೆ.

"ಲೆಕ್ಕ ಬೇಡ, ಅದನ್ನ ನೋಡಿದೀನಿ," ಎಂದರು ಸರ್ವೇಯರಮ್ಮ. "ಲೆಕ್ಕ ನಡೆಯೋದು ಹೇಗೆ ಅಂತ ಹೇಳಿ. ನನಗೆ ಕಾರು ಗೊತ್ತು, ಕ್ಲಬ್ಬು ಗೊತ್ತಿಲ್ಲ."

ಕಾರ್ಯದರ್ಶಿಗೆ ಬೆಳಗ್ಗೆ ಔಷಧಿ ಅಂಗಡಿ, ಮಧ್ಯಾಹ್ನದ ಮೇಲೆ ಕ್ಲಬ್ಬು. ಆಕೆ ಮಾತ್ರೆ ಎಣಿಸುವಷ್ಟೇ ಒಪ್ಪವಾಗಿ ಪೆಟ್ಟಿಗೆಗಳನ್ನು ಸಾಲಾಗಿ ಜೋಡಿಸಿದಳು. ಕೆಂಪು, ಹಳದಿ, ಬೂದು, ಹಸಿರು.

"ಒಂದೇ ಮನೆ, ನಾಲ್ಕು ಒಲೆ ಅಂತ ಇಟ್ಕೊಳ್ಳಿ. ಕೆಂಪು ಟ್ರ್ಯಾಕ್ ದಿನದ್ದು. ಸದಸ್ಯರು ಸ್ವಂತ ಕಾರು ತಂದು ರೇಸ್ ಟ್ರ್ಯಾಕಲ್ಲಿ ಎಷ್ಟು ಬೇಕೋ ಅಷ್ಟು ಜೋರಾಗಿ ಓಡಿಸ್ತಾರೆ. ಶುಲ್ಕ ಜಾಸ್ತಿ, ಖರ್ಚೂ ಜಾಸ್ತಿ. ಟ್ರ್ಯಾಕಿನ ಬಾಡಿಗೆ, ಆಂಬುಲೆನ್ಸ್, ವಿಮೆ. ಹಳದಿ ಕೋನ್ ಓಟದ್ದು. ಖಾಲಿ ಮೈದಾನದಲ್ಲಿ ಪ್ಲಾಸ್ಟಿಕ್ ಕೋನು ಇಟ್ಟು ಅವುಗಳ ನಡುವೆ ಕಾರು ಓಡಿಸೋದು, ಇಷ್ಟೇ. ತನ್ನ ಹೊಟ್ಟೆ ತಾನು ಹೊರ್ಕೊಳ್ಳುತ್ತೆ. ಬೂದು ಒದ್ದೆ ರಸ್ತೆ ತರಬೇತಿದು. ಟ್ಯಾಂಕರಲ್ಲಿ ನೀರು ಹೊಡೆಸಿ, ಕಾರು ಜಾರಿದಾಗ ಏನು ಮಾಡ್ಬೇಕು ಅಂತ ಕಲಿಸೋದು."

"ಹಸಿರು?"

ಕಾರ್ಯದರ್ಶಿಯ ದನಿ ಸ್ವಲ್ಪ ಮೆತ್ತಗಾಯಿತು. "ಹೊಸ ಚಾಲಕರ ಶಾಲೆ. ಆಗಷ್ಟೇ ಲೈಸೆನ್ಸ್ ತಗೊಂಡ ಮಕ್ಕಳಿಗೆ. ಶುಲ್ಕ ಹೆಸರಿಗಷ್ಟೇ. ಈ ಕ್ಲಬ್ಬು ಶುರು ಮಾಡಿದ ಮೂರು ಮನೆಯವರು ಒಂದೇ ಕಾರಲ್ಲಿ ತಮ್ಮ ಮಕ್ಕಳನ್ನ ಕಳ್ಕೊಂಡವರು. ಉಳಿದ ಮೂರು ಒಲೆ ಉರಿಯೋದು ಈ ಒಂದರ ಸಲುವಾಗಿ."

"ಒಂದು ಒಲೆಯ ಸೌದೆ ಇನ್ನೊಂದಕ್ಕೆ ಹಾಕಬಹುದಾ?"

"ಸುತಾರಾಂ ಇಲ್ಲ. ಅದು ಖಜಾಂಚಿಯವರ ಕಟ್ಟಪ್ಪಣೆ. ಒಂದು ಕಾರ್ಯಕ್ರಮದ ನಷ್ಟವನ್ನ ಇನ್ನೊಂದರಲ್ಲಿ ಮುಚ್ಚಿಟ್ರೆ ಕೊನೆಗೆ ಯಾವುದು ಬದುಕಿದೆ, ಯಾವುದು ಸತ್ತಿದೆ ಅಂತ್ಲೇ ಗೊತ್ತಾಗಲ್ಲ ಅಂತಿದ್ರು. ವರ್ಷದ ಕೊನೆಗೆ ಎಲ್ಲರೂ ಕೂತು, ಲಾಭ ಮಾಡಿದ ಒಲೆಯಿಂದ ಅರ್ಧ ಶಾಲೆಗೆ, ಅರ್ಧ ಆಪತ್ಕಾಲದ ನಿಧಿಗೆ. ಅದೂ ಮೂವರ ಸಹಿ ಬಿದ್ದ ಮೇಲೆ."

"ಈ ವರ್ಷ ಕೆಂಪಿನಲ್ಲಿ ಲಾಭ ಬಂತಾ?"

"ಎಲ್ಲಿಂದ ಬರಬೇಕು? ಟ್ರ್ಯಾಕಿನವರು ಬಾಡಿಗೆ ಏರಿಸಿದ್ರು, ವಿಮೆಯವರು ಅದರ ಅಪ್ಪನ ಹಾಗೆ ಏರಿಸಿದ್ರು. ಬಂದದ್ದಕ್ಕೂ ಖರ್ಚಿಗೂ ಗೀಟಿಗೆ ಗೀಟು."

"ಮತ್ತೆ ಶಾಲೆ ನಡೆದದ್ದು?"

"ಬೂದಿನಿಂದ."

ಸರ್ವೇಯರಮ್ಮ ಕನ್ನಡಕ ಏರಿಸಿಕೊಂಡರು. "ನೀರು ಹೊಡೆಸೋ ಕಾರ್ಯಕ್ರಮ ಲಾಭ ಮಾಡಿತಾ?"

"ತರಬೇತಿಯಲ್ಲಿ ಅಲ್ಲ, ರದ್ದತಿಯಲ್ಲಿ," ಎಂದು ಕಾರ್ಯದರ್ಶಿ ಸಲೀಸಾಗಿ ಹೇಳಿದಳು. "ಕಾರ್ಯಕ್ರಮ ರದ್ದಾದ್ರೆ ಶುಲ್ಕ ಅವರವರ ಬ್ಯಾಂಕ್ ಖಾತೆಗೆ ವಾಪಸ್ ಹೋಗುತ್ತೆ. ನೂರಕ್ಕೆ ಹತ್ತು ನಿರ್ವಹಣೆಗೆ ಅಂತ ನಾವು ಇಟ್ಕೋತೀವಿ. ನಿಯಮ ಹಾಗಿದೆ. ಒದ್ದೆ ರಸ್ತೆದು ಈ ಸಲ ಪದೇ ಪದೇ ರದ್ದಾಯ್ತು. ಪ್ರತಿ ಸಲವೂ ಹೌಸ್‌ಫುಲ್. ಖರ್ಚಿಲ್ಲದೆ ಆದಾಯ. ಹೋಗೋ ಮಾರಿ ಹೊನ್ನು ಕೊಟ್ಟು ಹೋದ ಹಾಗೆ."

"ಯಾಕೆ ರದ್ದಾಯ್ತು?"

"ಮಳೆ."

"ಯಾವ ಕಾರ್ಯಕ್ರಮ ಅಂದ್ರಿ?" ಸರ್ವೇಯರಮ್ಮ ಮತ್ತೊಮ್ಮೆ ಕೇಳಿದರು.

"ಒದ್ದೆ ರಸ್ತೆ..." ಎಂದವಳು ಅಲ್ಲೇ ನಿಂತಳು.

ಬೆಂಚಿನಿಂದ ಸೊಸೆಯ ದನಿ ಬಂತು. "ಈಜು ಕಲಿಸೋ ಮೇಷ್ಟ್ರು ಕೊಳದಲ್ಲಿ ನೀರು ತುಂಬಿದೆ ಅಂತ ರಜೆ ಕೊಟ್ಟ ಹಾಗಾಯ್ತು."

ಕಾರ್ಯದರ್ಶಿ ನಕ್ಕಳು. ನಗು ಅರ್ಧದಲ್ಲೇ ಆರಿಹೋಯಿತು. "ಶನಿವಾರ ಖಜಾಂಚಿಯವರೂ ಇದನ್ನೇ ಕೇಳಿದ್ರು. ಇದೇ ಮೇಜಿನ ಹತ್ರ ನಿಂತು. ನಾನು ನಕ್ಕುಬಿಟ್ಟೆ. ಅದು ತರಬೇತಿ ಕೊಡೋ ಮೇಷ್ಟ್ರ ವಿಷಯ, ಅವರನ್ನೇ ಕೇಳಿ ಅಂದೆ."

"ಶುಲ್ಕ ಹೇಗೆ ಬರ್ತಿತ್ತು?"

"ನಗದು. ಮೇಷ್ಟ್ರು ಗೇಟಲ್ಲಿ ವಸೂಲಿ ಮಾಡಿ ಪೆಟ್ಟಿಗೆಗೆ ಹಾಕ್ತಿದ್ರು."

"ವಾಪಸ್ ಹೋಗೋದು ಬ್ಯಾಂಕಿನಿಂದ."

"ಹೌದು."

"ಆ ಮಂದಿಯನ್ನ ನೀವು ಯಾವತ್ತಾದ್ರೂ ಕಣ್ಣಾರೆ ನೋಡಿದೀರಾ?"

ಕಾರ್ಯದರ್ಶಿ ಬೂದು ಪೆಟ್ಟಿಗೆಯ ಮುಚ್ಚಳ ಹಾಕಿದಳು. ಅವಸರದಲ್ಲಿ ಅದು ಸರಿಯಾಗಿ ಕೂರಲಿಲ್ಲ. "ಇಲ್ಲ," ಎಂದಳು.

*

ಕ್ಲಬ್ಬಿನ ತರಬೇತಿ ಮೈದಾನ ಎಂದರೆ ಮುಚ್ಚಿಹೋದ ಹತ್ತಿಗಿರಣಿಯ ಅಂಗಳ. ಹಿಂದೆ ಅರಳೆ ಒಣಗಿಸುತ್ತಿದ್ದ ಸಿಮೆಂಟು ನೆಲದ ಮೇಲೆ ಈಗ ಟೈರಿನ ಕಪ್ಪು ಗೀರುಗಳು ಹಾವಿನ ಹಾಗೆ ಹೊರಳಿದ್ದವು. ಒಂದು ಮೂಲೆಯಲ್ಲಿ ತಗಡಿನ ಶೆಡ್ಡು.

ಸರ್ವೇಯರಮ್ಮನ ಹಳೆಯ ಕಾರಿನಿಂದ ಇಳಿಯುವಾಗ ಸೊಸೆ ಕೇಳಿದಳು. "ನಗದು ಕೊಟ್ಟು ಬ್ಯಾಂಕಲ್ಲಿ ವಾಪಸ್ ತಗೊಂಡ್ರೆ ಏನು ಲಾಭ? ನೂರು ಕೊಟ್ಟು ತೊಂಬತ್ತು ತಗೊಳ್ಳೋ ದಡ್ಡ ಯಾರು?"

"ಆ ನೂರು ಎಲ್ಲಿಂದ ಬಂತು ಅಂತ ಹೇಳೋಕಾಗದವನು," ಎಂದರು ಸರ್ವೇಯರಮ್ಮ. "ತೊಂಬತ್ತು ಎಲ್ಲಿಂದ ಬಂತು ಅಂತ ಯಾರಾದ್ರೂ ಕೇಳಿದ್ರೆ ಕಾರು ಕ್ಲಬ್ಬಿಂದ ಅಂತಾನೆ. ಕೊಳೆ ಬಟ್ಟೆ ಹಾಕಿದ್ರೆ ಇಸ್ತ್ರಿಯಾಗಿ ಬರುತ್ತೆ. ಹತ್ತು ರೂಪಾಯಿ ಅಗಸನ ಕೂಲಿ."

ಶೆಡ್ಡಿನೊಳಗೆ ಒಬ್ಬ ಉದ್ದನೆಯ ಮನುಷ್ಯ ಕೋನುಗಳನ್ನು ಒಂದರೊಳಗೊಂದು ಪೇರಿಸುತ್ತಿದ್ದ. ತೊಲೆಗೆ ತಲೆ ತಾಗದ ಹಾಗೆ ಕತ್ತು ಬಗ್ಗಿಸಿ ನಿಲ್ಲುವುದು ಅವನಿಗೆ ರೂಢಿಯಾಗಿತ್ತು. ಮುಖ್ಯ ಬೋಧಕ. "ಬ್ರೇಕ್! ಬ್ರೇಕ್!" ಎಂದು ಕೂಗಿ ಕೂಗಿ ಗಂಟಲು ಕೆಡಿಸಿಕೊಂಡಿದ್ದರಿಂದ ಕ್ಲಬ್ಬಿನಲ್ಲೆಲ್ಲ ಅವನು ಬ್ರೇಕ್ ಮೇಷ್ಟ್ರು.

"ಮೇಷ್ಟ್ರೇ, ಒಂದು ಅನುಮಾನ," ಎಂದರು ಸರ್ವೇಯರಮ್ಮ. "ಒದ್ದೆ ರಸ್ತೆ ಪಾಠಕ್ಕೆ ಮಳೆ ಬಂದ್ರೆ ಟ್ಯಾಂಕರಿನ ಖರ್ಚು ಉಳಿಯುತ್ತೆ. ಪಾಠ ಯಾಕೆ ನಿಲ್ಲುತ್ತೆ?"

ಅವನ ಕೈಯಲ್ಲಿದ್ದ ಕೋನು ಪೇರಿಸಿದ ಸಾಲಿಗೆ ಸೇರದೆ ಪಕ್ಕಕ್ಕೆ ಬಿತ್ತು.

"ಸುರಕ್ಷತೆ," ಎಂದ. "ಮಳೆಯಲ್ಲಿ ಕಣ್ಣು ಕಾಣಲ್ಲ."

"ಮಳೆಯಲ್ಲಿ ಕಣ್ಣು ಕಾಣದಾಗ ಓಡಿಸೋದು ಹೇಗೆ ಅಂತಾನೇ ಅಲ್ವಾ ನೀವು ಕಲಿಸೋದು?"

"ನೋಡಿ, ನೀವು ಯಾರು ಅಂತಾನೇ ನನಗೆ..."

"ಇವಳು ಖಜಾಂಚಿಯವರ ಸೊಸೆ. ನಾನು ಇವಳ ಪರವಾಗಿ ಬಂದವಳು. ಪೊಲೀಸರನ್ನ ಇನ್ನೂ ಕರ್ಕೊಂಡು ಬಂದಿಲ್ಲ. ನಿಮ್ಮ ಗೇಟಿನ ಮುಂದೆ ಪಂಕ್ಚರ್ ಅಂಗಡಿ ಇದೆ. ಒಳಗೆ ಬರೋ ಮುಂಚೆ ಚಕ್ರಕ್ಕೆ ಗಾಳಿ ಹಾಕಿಸ್ಕೊಂಡೆ. ಮಳೆ ಬಂದ ಭಾನುವಾರಗಳಲ್ಲಿ ಈ ಗೇಟಿಗೆ ಬೀಗ ಇರ್ತಿತ್ತಂತೆ. ಹೌಸ್‌ಫುಲ್ ಕಾರ್ಯಕ್ರಮಕ್ಕೆ ಒಂದು ಕಾರೂ ಬರಲ್ವಾ?"

ಮೇಷ್ಟ್ರು ಸೊಸೆಯ ಕಡೆ ನೋಡಿದ. ಅವಳು ಕಣ್ಣು ತೆಗೆಯಲಿಲ್ಲ. ಅವನೇ ತೆಗೆದ.

ಹಳೆಯ ಟೈರಿನ ಗುಡ್ಡೆಯ ಮೇಲೆ ಅವನು ಕುಸಿದು ಕೂತ. ಕೂತಾಗಲೂ ಅವನ ತಲೆ ನಿಂತ ಸೊಸೆಯ ಭುಜದ ಮಟ್ಟಕ್ಕಿತ್ತು.

"ಕಳ್ಳ ಮನೆಗೆ ನುಗ್ಗಿ ದುಡ್ಡು ಇಟ್ಟು ಹೋದ್ರೆ ಯಾರಾದ್ರೂ ದೂರು ಕೊಡ್ತಾರಾ, ಅಮ್ಮ?" ಎಂದ. "ನಾನು ಒಂದು ಕಾಸೂ ಮುಟ್ಟಿಲ್ಲ. ಬೇಕಾದ್ರೆ ನನ್ನ ಮನೆ ಶೋಧಿಸಿ. ಈ ವರ್ಷದ ಶುರುವಲ್ಲಿ ಶಾಲೆ ಮುಚ್ಚೋದು ಅಂತ ತೀರ್ಮಾನ ಆಗಿತ್ತು. ಹಸಿರು ಪೆಟ್ಟಿಗೆ ಬರಿದು. ಮಕ್ಕಳ ಕಾರಿಗೆ ಟೈರ್ ಇಲ್ಲ. ಅದೇ ವಾರ ಈ ಹೆಲ್ಮೆಟ್ ಡಬ್ಬಿಯಲ್ಲಿ ಒಂದು ಲಕೋಟೆ ಸಿಕ್ತು. ನಗದು, ಹೆಸರುಗಳು, ಖಾತೆ ನಂಬರುಗಳು. ಜೊತೆಗೆ ಒಂದೇ ಸಾಲು: ಮಳೆ ಬಂದ ದಿನ ರದ್ದು ಮಾಡಿ, ಹತ್ತು ನಿಮ್ಮ ಶಾಲೆಗೆ."

"ಮಾಡಿದ್ರಿ."

"ಮಾಡಿದೆ. ಟೈರ್ ಬಂತು. ಈ ವರ್ಷ ಕಲಿತ ಮಕ್ಕಳಲ್ಲಿ ಒಬ್ಬರೂ ಗೋಡೆಗೆ ಗುದ್ದಿಲ್ಲ. ತಪ್ಪು ಅಂತ ಗೊತ್ತಿತ್ತು. ಆದ್ರೆ ಅತ್ತ ದರಿ, ಇತ್ತ ಪುಲಿ."

"ಲಕೋಟೆ ಇಡ್ತಿದ್ದದ್ದು ಯಾರು?"

"ದೇವರಾಣೆ ಗೊತ್ತಿಲ್ಲ. ಗೊತ್ತು ಮಾಡ್ಕೊಳ್ಳೋಕೆ ಹೋಗಲೂ ಇಲ್ಲ. ಗೊತ್ತಾದ್ರೆ ನಿಲ್ಲಿಸಬೇಕಾಗ್ತಿತ್ತಲ್ಲ?"

ಇದು ನಿಜವೆಂದು ಸರ್ವೇಯರಮ್ಮನಿಗೆ ಅನ್ನಿಸಿತು. ಸುಳ್ಳು ಹೇಳುವವರು ತಮ್ಮನ್ನು ಇಷ್ಟು ಸಣ್ಣವರನ್ನಾಗಿ ತೋರಿಸಿಕೊಳ್ಳುವುದಿಲ್ಲ.

"ಖಜಾಂಚಿ ನಿಮ್ಮ ಹತ್ರ ಬಂದಿದ್ರು."

"ಶನಿವಾರ. ಇಲ್ಲೇ ನಿಂತು ಬೈದ್ರು. ಮಕ್ಕಳಿಗೆ ವಿಷದ ಬಾವಿಯ ನೀರು ಕುಡಿಸಿದ್ಯಲ್ಲೋ ಅಂದ್ರು. ನನಗೆ ಅಳು ಬಂತು. ಆಮೇಲೆ ಅವರೇ ನನ್ನ ಪಕ್ಕ ಕೂತು, ಮುಂದಿನ ಲಕೋಟೆ ಯಾವಾಗ ಅಂತ ಕೇಳಿದ್ರು. ಭಾನುವಾರ ಸಂಜೆ ಅಂದೆ. ಹಾಗಾದ್ರೆ ಭಾನುವಾರ ನೀನು ಈ ಕಡೆ ತಲೆ ಹಾಕಬೇಡ, ಉಳಿದದ್ದು ನನಗೆ ಬಿಡು ಅಂದ್ರು."

"ನೀವು?"

"ಬರಲಿಲ್ಲ. ಸೋಮವಾರ ಅವರು ಕಾಣೆ ಅಂತ ಸುದ್ದಿ ಬಂತು. ಹೆದರಿಕೊಂಡು ಬಾಯಿ ಹೊಲ್ಕೊಂಡೆ. ಇವತ್ತೇ ಮೊದಲು ನಾನು ಈ ಬೀಗ ತೆಗೆದದ್ದು."

"ಮಾವ ಬದುಕಿದಾರೋ ಇಲ್ಲವೋ ಅಂತ ನಾವು ಒದ್ದಾಡ್ತಿದ್ವಿ," ಎಂದಳು ಸೊಸೆ. ದನಿ ಏರಲಿಲ್ಲ. "ನೀವು ಬಾಯಿ ಹೊಲ್ಕೊಂಡ್ರಿ."

ಮೇಷ್ಟ್ರು ಬಿದ್ದಿದ್ದ ಕೋನನ್ನು ಎತ್ತಿ ಸಾಲಿಗೆ ಸೇರಿಸಿದ.

*

ಶೆಡ್ಡಿನ ಹಿಂಬದಿಯಲ್ಲಿ ದಪ್ಪ ಕ್ಯಾನ್ವಾಸು ಹೊದ್ದು ಒಂದು ಕಾರು ನಿಂತಿತ್ತು. ಸರ್ವೇಯರಮ್ಮ ಅದರ ಸುತ್ತ ಒಂದು ಸುತ್ತು ಬಂದರು.

"ಅದು ಜಾರುಬಂಡಿ," ಎಂದ ಮೇಷ್ಟ್ರು, ಮಾತು ಬದಲಾದದ್ದೇ ಪುಣ್ಯ ಎಂಬಂತೆ. "ಒದ್ದೆ ರಸ್ತೆ ಪಾಠದ ಕಾರು. ಮಕ್ಕಳು ಇಟ್ಟ ಹೆಸರು. ಬೋಳು ಟೈರ್ ಹಾಕಿರ್ತೀವಿ. ಡ್ಯಾಶ್‌ಬೋರ್ಡಿನ ಅಡಿಯಲ್ಲಿ ಒಂದು ಸ್ವಿಚ್ ಇದೆ, ಒತ್ತಿದ್ರೆ ಮುಂದಿನ ಚಕ್ರಕ್ಕೆ ಬ್ರೇಕ್ ಹೋಗಲ್ಲ, ಹಿಂದಿನದು ಮಾತ್ರ ಕಚ್ಚುತ್ತೆ. ಕಾರು ಬುಗುರಿ ಆಗುತ್ತೆ."

ಸರ್ವೇಯರಮ್ಮ ಮೊಣಕಾಲೂರಿ ಕ್ಯಾನ್ವಾಸಿನ ಅಂಚು ಎತ್ತಿದರು. ಚಕ್ರದ ಮೇಲೆ ಹೆಬ್ಬೆರಳಾಡಿಸಿದರು. ಗೆರೆಗಳು ಆಳವಾಗಿದ್ದವು, ಉಗುರು ಅರ್ಧ ಮುಳುಗುವಷ್ಟು.

"ಬೋಳು ಟೈರ್ ಅಂದ್ರಲ್ಲ ಮೇಷ್ಟ್ರೇ, ಇದಕ್ಕೆ ಯಾವಾಗ ತಲೆಗೂದಲು ಬಂತು?"

ಮೇಷ್ಟ್ರು ಎದ್ದು ಬಂದ. ಬಗ್ಗಿ ನೋಡಿದ. ಇನ್ನೊಂದು ಚಕ್ರ ನೋಡಿದ. ಕ್ಯಾನ್ವಾಸು ಹಿಡಿದು ಒಮ್ಮೆಲೇ ಎಳೆದ.

ಬಿಳಿ ಕಾರು. ಬಾಗಿಲಿನ ಮೇಲೆ ಕ್ಲಬ್ಬಿನ ದೊಡ್ಡ ಸ್ಟಿಕ್ಕರು, ಹಿಂದೆ ಕ್ಲಬ್ಬಿನ ನಂಬರು. ಸ್ಟಿಕ್ಕರಿನ ಒಂದು ಮೂಲೆ ಗುಳ್ಳೆ ಎದ್ದಿತ್ತು. ಅವಸರದಲ್ಲಿ ಅಂಟಿಸಿದ ಹಾಗೆ.

"ಇದು ನಮ್ಮ ಕಾರಲ್ಲ," ಎಂದ ಮೇಷ್ಟ್ರು. "ಬಣ್ಣ ಅದೇ, ಕಂಪನಿ ಅದೇ. ಆದ್ರೆ ಜಾರುಬಂಡಿ ಅಲ್ಲ."

ಸೊಸೆ ಹತ್ತಿರ ಬಂದಳು. ಮುಂದಿನ ಬಾಗಿಲಿನ ಹಿಡಿಯ ಕೆಳಗೆ ಬೆರಳಿಟ್ಟಳು. ಬಿಳಿಯ ಮೇಲೆ ಬಿಳಿಯೇ ಆದರೂ ಹೊಳಪು ಬೇರೆಯಾದ ಒಂದು ಗೆರೆ ಅಲ್ಲಿತ್ತು.

"ನನ್ನ ಉಗುರುಬಣ್ಣ," ಎಂದಳು.

ಇಬ್ಬರೂ ಅವಳನ್ನೇ ನೋಡಿದರು.

"ಮಾವ ಈ ಕಾರನ್ನ ಯಾರಿಗೂ ಮುಟ್ಟಿಸ್ತಿರಲಿಲ್ಲ. ಮಗನಿಗೂ ಇಲ್ಲ. ನನಗೆ ಮಾತ್ರ ಕದ್ದುಮುಚ್ಚಿ ಕಲಿಸ್ತಿದ್ರು. ಮನೆಯವರಿಗೆ ಗೊತ್ತಾದ್ರೆ ನಿನಗ್ಯಾಕೆ ಈ ಉಸಾಬರಿ ಅಂತಾರೆ ಅಂತ. ಒಂದು ದಿನ ಗೇಟಿಗೆ ಉಜ್ಜಿಬಿಟ್ಟೆ. ಮಾವ ಬೈಲಿಲ್ಲ. ನಿನ್ನ ಹತ್ರ ಬಿಳಿ ಉಗುರುಬಣ್ಣ ಇದೆಯಾ ಅಂತ ಕೇಳಿದ್ರು. ತಾವೇ ಕೂತು ಹಚ್ಚಿದ್ರು." ಅವಳು ಬೆರಳು ತೆಗೆಯಲಿಲ್ಲ. "ಇದು ಮಾವನ ಕಾರು."

"ರೈಲು ನಿಲ್ದಾಣದಲ್ಲಿ ಸಿಕ್ಕಿದ್ದು?"

"ನಂಬರ್ ಮಾವಂದೇ ಇತ್ತು. ಕೀಲಿ ಒಳಗೇ ಇತ್ತಂತೆ. ನಿನ್ನೆ ನಮ್ಮನೆಯವರು ಬಿಡಿಸ್ಕೊಂಡು ಬಂದ್ರು."

"ನಂಬರ್ ಪ್ಲೇಟು ಬದಲಾಗಿದೆ," ಎಂದರು ಸರ್ವೇಯರಮ್ಮ. "ನಿಲ್ದಾಣದಲ್ಲಿ ನಿಂತದ್ದು ಜಾರುಬಂಡಿ. ನಿಮ್ಮ ಮಾವ ರೈಲು ಹತ್ತಿದ್ರು ಅಂತ ಜನ ನಂಬಲಿ ಅಂತ ಯಾರೋ ನಿಲ್ಲಿಸಿದ್ದು. ಅಸಲಿ ಕಾರನ್ನೇ ಯಾಕೆ ನಿಲ್ಲಿಸಲಿಲ್ಲ ಅ‍ನ್ನೋದು ಪ್ರಶ್ನೆ."

ಉತ್ತರ ಕಾರಿನ ಹಿಂಬದಿಯಲ್ಲಿತ್ತು. ಹಿಂದಿನ ಎಡಮೂಲೆ ಒಳಗೆ ಹೊಕ್ಕಿತ್ತು. ದೀಪ ಪುಡಿಯಾಗಿತ್ತು. ತರಬೇತಿಯ ಕಾರಿನಲ್ಲಿ ಇಂಥ ತಗ್ಗು ಕಂಡರೆ ಯಾರೂ ಎರಡನೆಯ ಸಲ ನೋಡುವುದಿಲ್ಲ. ಯಾವನೋ ಹೊಸಬ ಎಲ್ಲೋ ಗುದ್ದಿರಬೇಕು ಎಂದುಕೊಂಡು ಸುಮ್ಮನಾಗುತ್ತಾರೆ. ಪೆಟ್ಟಾದ ಕಾರನ್ನು ಅಡಗಿಸಲು ಇದಕ್ಕಿಂತ ಒಳ್ಳೆಯ ಜಾಗವಿಲ್ಲ.

ಸರ್ವೇಯರಮ್ಮ ತಗ್ಗಿನ ಮೇಲೆ ಅಂಗೈ ಇಟ್ಟು ನಿಧಾನವಾಗಿ ಸವರಿದರು. "ಗೋಡೆಯಲ್ಲ, ಕಂಬವಲ್ಲ. ಇನ್ನೊಂದು ಕಾರಿನ ಮೂಗು. ಹಿಂದಿನಿಂದ ಬಂದು, ಪಕ್ಕಕ್ಕೆ ಒತ್ತಿ, ತಿರುಗಿಸಿದ್ದು. ವೇಗ ಹೆಚ್ಚಿರಲಿಲ್ಲ. ಕೊಲ್ಲೋಕೆ ಗುದ್ದಿದ್ದಲ್ಲ, ನಿಲ್ಲಿಸೋಕೆ ಗುದ್ದಿದ್ದು."

ಒಡೆದ ಅಂಚಿನಲ್ಲಿ ಒಂದು ಚೂರು ಬಣ್ಣ ಸಿಕ್ಕಿಕೊಂಡಿತ್ತು. ಕಡುನೀಲಿ.

"ನನ್ನದು ಹಸಿರು ಜೀಪು," ಎಂದ ಮೇಷ್ಟ್ರು, ಯಾರೂ ಕೇಳುವ ಮೊದಲೇ.

ಸರ್ವೇಯರಮ್ಮ ಚಾಲಕನ ಬಾಗಿಲು ತೆರೆದರು. ಸೀಟು ಸ್ಟೇರಿಂಗಿಗೆ ಅಂಟಿಕೊಂಡಂತೆ ಮುಂದಕ್ಕೆ ಬಂದಿತ್ತು. ಕೂರಲು ನೋಡಿದರು, ಮೊಣಕಾಲು ತೂರಲಿಲ್ಲ.

"ನಿಮ್ಮ ಮಾವ ಎಷ್ಟು ಎತ್ತರ?"

"ನಮ್ಮನೆಯಲ್ಲಿ ಬಲ್ಬ್ ಬದಲಿಸೋಕೆ ಸ್ಟೂಲ್ ಬೇಡ, ಮಾವ ಸಾಕು."

"ನೀವು ಕಲಿಯುವಾಗ ಸೀಟು ಇಷ್ಟು ಮುಂದೆ ಎಳ್ಕೊತಿದ್ರಾ?"

"ಇಷ್ಟು ಮುಂದೆ ಎಳೆದ್ರೆ ನನಗೂ ಉಸಿರಾಡೋಕಾಗಲ್ಲ."

ಅಂದರೆ ಈ ಕಾರನ್ನು ಕೊನೆಗೆ ಓಡಿಸಿದವರು ಗಿಡ್ಡ. ಖಜಾಂಚಿ ಅಲ್ಲ, ಸೊಸೆ ಅಲ್ಲ, ತೊಲೆಗೆ ತಲೆ ತಾಗುವ ಮೇಷ್ಟ್ರಂತೂ ಅಲ್ಲವೇ ಅಲ್ಲ.

"ಕ್ಲಬ್ಬಿನಲ್ಲಿ ನೀಲಿ ಕಾರು ಯಾರದ್ದಿದೆ, ಮೇಷ್ಟ್ರೇ?"

ಮೇಷ್ಟ್ರು ಸೊಸೆಯ ಕಡೆ ತಿರುಗಿ, ಮತ್ತೆ ನೆಲ ನೋಡಿದ.

"ಕ್ಲಬ್ಬಿನಲ್ಲಿ ಯಾಕೆ ಹುಡುಕಬೇಕು?" ಎಂದಳು ಸೊಸೆ. "ನಮ್ಮನೆಯಲ್ಲೇ ಇದೆ. ನಮ್ಮನೆಯವರದ್ದು. ಸೋಮವಾರದಿಂದ ಗ್ಯಾರೇಜಲ್ಲಿ ಬಿಟ್ಟಿದಾರೆ. ಅದಕ್ಕೇ ಇವತ್ತು ಮಾವನ ಕಾರಲ್ಲಿ..."

ಅವಳ ಕೈ ಆಗಲೇ ಫೋನು ಹುಡುಕುತ್ತಿತ್ತು.

ಖಜಾಂಚಿಯ ಮಗನದು ಪೇಟೆಯಲ್ಲಿ ಕನ್ನಡಕದ ಅಂಗಡಿ. ಅಪ್ಪ ಕಾರೆಂದರೆ ಪ್ರಾಣ ಬಿಡುವವರು. ಮಗನಿಗೆ ಕಾರೆಂದರೆ ನಾಲ್ಕು ಚಕ್ರ, ಒಂದು ಹಾರ್ನು. ಫೋನು ಬಹಳ ಹೊತ್ತು ಬಡಿದುಕೊಂಡಿತು. ಸೊಸೆ ಒಂದು ಕಾಲಿನಿಂದ ಇನ್ನೊಂದಕ್ಕೆ ಭಾರ ಬದಲಿಸುತ್ತ ನಿಂತಿದ್ದಳು.

"ಏನು?" ಕೊನೆಗೂ ದನಿ ಬಂತು.

"ಕಾರು ಎಲ್ಲಿದೆ?"

"ಅಂಗಡಿ ಮುಂದೆ. ಯಾಕೆ?"

ಅವಳು ಕಾರಿನ ಬಾನೆಟ್ಟಿಗೆ ಒರಗಿಕೊಂಡಳು. "ಇನ್ನೊಂದು ಸಲ ಅದನ್ನ ಮುಟ್ಟಬೇಡಿ. ಅದು ಮಾವನ ಕಾರಲ್ಲ, ಬ್ರೇಕ್ ಕೆಟ್ಟ ಕಾರು."

"ಅದಕ್ಕೇನಾ? ಬೆಳಗ್ಗೆ ಸರ್ಕಲ್ ಹತ್ರ ಗಿರ್ರಂತ ತಿರುಗಿಬಿಡ್ತು. ಎದುರಿಗೆ ಬಸ್ಸಿರಲಿಲ್ಲ, ಬಚಾವಾದೆ. ಅಪ್ಪ ಇಂಥ ಕಾರನ್ನ ಹೇಗೆ..." ಎಂದವನು ತಡೆದ. "ಅಪ್ಪನ ಕಾರಲ್ಲ ಅಂದ್ರೆ?"

ಸರ್ವೇಯರಮ್ಮ ಕೈ ಚಾಚಿದರು. ಸೊಸೆ ಸ್ಪೀಕರ್ ಒತ್ತಿ ಫೋನು ಕೊಟ್ಟಳು.

"ನಿಮ್ಮ ನೀಲಿ ಕಾರಿಗೆ ಏನಾಗಿದೆ?"

"ಸರ್ವಿಸಿಂಗು."

"ಮುಂದಿನ ಬಲಗಡೆ ಬಂಪರಿನ ಸರ್ವಿಸಿಂಗಾ?"

ಆಚೆ ಕಡೆ ಗಾಜಿನ ಬಾಗಿಲು ಮುಚ್ಚಿದ ಸದ್ದು. ಪೇಟೆಯ ಗಲಾಟೆ ಕಡಿಮೆಯಾಯಿತು.

"ಯಾರು ಮಾತಾಡ್ತಿರೋದು?"

"ನಾನೂ ಇಲ್ಲೇ ಇದೀನಿ," ಎಂದಳು ಸೊಸೆ. "ನಿಜ ಹೇಳಿ. ಭಾನುವಾರ ಸಂಜೆ ಎಲ್ಲಿಗೆ ಹೋಗಿದ್ರಿ? ನಿಮ್ಮ ಅಪ್ಪನ ಕಾರಿಗೆ ನೀವು..." ಮುಂದಿನದನ್ನು ಅವಳು ನುಂಗಿಕೊಂಡಳು.

"ನಾನು ಓಡಿಸಿಲ್ಲ," ಎಂದ ಅವನು. "ಅಪ್ಪ ಬಂದಿದ್ರು, ಅಂಗಡಿಗೆ. ನನ್ನ ಕಾರು ಒಬ್ಬರಿಗೆ ಕೊಟ್ಟಿದೀನಿ, ನಿನ್ನದರ ಕೀಲಿ ಕೊಡು ಅಂದ್ರು. ನನಗೆ ಒಂದು ದಿನವೂ ಕೊಡದ ಕಾರನ್ನ ಇನ್ಯಾರಿಗೋ ಕೊಟ್ರಾ ಅಂತ ಸಿಟ್ಟು ಬಂತು. ಯಾರಿಗೆ ಅಂತಾನೂ ಕೇಳಲಿಲ್ಲ. ಕೀಲಿ ಮೇಜಿನ ಮೇಲೆ ಎಸೆದೆ."

"ಆಮೇಲೆ?"

"ಸೋಮವಾರ ಬೆಳಗ್ಗೆ ನೋಡಿದ್ರೆ ನನ್ನ ಕಾರು ಮನೆ ಮುಂದೆ ನಿಂತಿದೆ. ಬಂಪರ್ ಒಡೆದಿದೆ. ಅಪ್ಪ ಇಲ್ಲ. ಯಾರಿಗೋ ಗುದ್ದಿ, ಆ ಮನುಷ್ಯ ಸತ್ತಿದಾನೆ, ಅಪ್ಪ ಹೆದರಿ ಊರು ಬಿಟ್ಟಿದಾರೆ ಅಂದ್ಕೊಂಡೆ. ನೀನು ಏಳೋ ಮುಂಚೆ ಗ್ಯಾರೇಜಿಗೆ ಬಿಟ್ಟು ಬಂದೆ. ದುಡ್ಡು ಕದ್ದು ಓಡಿದ ಅಂತ ಊರು ಅಂದಾಗ ಸುಮ್ನಿದ್ದೆ. ಅನ್ನಲಿ ಅಂದ್ಕೊಂಡೆ. ಕೊಲೆಗಿಂತ ಕಳ್ಳತನ ವಾಸಿ ಅಲ್ವಾ?"

ಸೊಸೆ ಕಣ್ಣು ಮುಚ್ಚಿಕೊಂಡಳು. ಇಷ್ಟು ದಿನ ಒಂದೇ ಮನೆಯ ಎರಡು ಕೋಣೆಗಳಲ್ಲಿ ಕೂತು ಗಂಡ ಹೆಂಡತಿ ಒಬ್ಬನೇ ಮನುಷ್ಯನನ್ನು ಕಾಯುತ್ತಿದ್ದರು; ಒಬ್ಬರಿಗೊಬ್ಬರು ಹೇಳಿಕೊಂಡಿರಲಿಲ್ಲ.

"ನಿಮ್ಮ ತಂದೆ ದಾರಿಹೋಕರಿಗೆ ಗುದ್ದಿಲ್ಲ," ಎಂದರು ಸರ್ವೇಯರಮ್ಮ. "ನಿಮ್ಮ ಕಾರಿನಿಂದ ತಮ್ಮದೇ ಕಾರಿಗೆ ಗುದ್ದಿದಾರೆ. ಬೇಕಂತಲೇ. ಯಾರನ್ನೋ ತಡೆಯೋಕೆ."

ಫೋನನ್ನು ಸೊಸೆಯ ಕೈಗಿಟ್ಟು, ಅವರು ಕಾರಿನ ಇನ್ನೊಂದು ಪಕ್ಕಕ್ಕೆ ಹೋದರು. ಲಕೋಟೆಯವರನ್ನು ಹಿಡಿಯಲು ಅಷ್ಟು ಸಾಹಸ ಬೇಕಿರಲಿಲ್ಲ. ಮುಖ ನೋಡಿದರೆ ಸಾಕಿತ್ತು, ಮರುದಿನ ಪೊಲೀಸರಿಗೆ ಹೇಳಿದರೆ ಆಗಿತ್ತು. ತಗಡಿಗೆ ಧೂಳು ತಾಗದ ಹಾಗೆ ನೋಡಿಕೊಳ್ಳುವ, ಗೀರು ಬಿದ್ದರೆ ಉಗುರುಬಣ್ಣ ಹಚ್ಚುವ ಮನುಷ್ಯ ತನ್ನ ಪ್ರಾಣದಂಥ ಕಾರಿಗೆ ತಾನೇ ಗುದ್ದಬೇಕಾದರೆ ಅದರೊಳಗೆ ಇದ್ದದ್ದೇನು?

ಅವರು ಚಾಲಕನ ಪಕ್ಕದ ಬಾಗಿಲು ತೆರೆದರು. ಸೀಟು ಪೂರ್ತಿ ಹಿಂದಕ್ಕೆ ಮಲಗಿತ್ತು. ಸೀಟುಬೆಲ್ಟಿನ ಬಕಲ್ಲು ಇನ್ನೂ ಕಚ್ಚಿಕೊಂಡೇ ಇತ್ತು. ಎಳೆದರು. ಬೆಲ್ಟು ಕೈಗೆ ಬಂತು, ಗೇಣುದ್ದ ಮಾತ್ರ. ಚೂಪಾದ ಅಲಗಿನಿಂದ ಒಂದೇ ಸಲಕ್ಕೆ ಕೊಯ್ದಿದ್ದರು.

ಬಕಲ್ಲಿನ ಗುಂಡಿ ಒತ್ತಿದರು. ಟಿಕ್ ಎಂದು ಸಲೀಸಾಗಿ ಬಿಚ್ಚಿತು. ಕೆಟ್ಟಿರಲಿಲ್ಲ.

"ಬಿಚ್ಚೋಕೆ ಬರೋ ಬೆಲ್ಟನ್ನ ಯಾರು ಕೊಯ್ತಾರೆ?" ಮೇಷ್ಟ್ರು ಪಿಸುಗುಟ್ಟಿದ.

ಸರ್ವೇಯರಮ್ಮ ಸೀಟಿನ ಸಂದಿಯಲ್ಲಿ ಕೈ ಹಾಕಿದರು. ಬಕಲ್ಲಿಗೆ ಸುತ್ತಿ ಬಿಗಿದಿದ್ದ ತೆಳುವಾದ ತಂತಿಯ ತುಂಡುಗಳು ಬೆರಳಿಗೆ ಸಿಕ್ಕವು. ಅಂಗೈಯಲ್ಲಿಟ್ಟು ಇಬ್ಬರಿಗೂ ತೋರಿಸಿದರು.

"ಬಿಚ್ಚಬಾರದು ಅಂತ ಕಟ್ಟಿದ್ರು. ಕಟ್ಟಿ ಕೂರಿಸಿದ್ದ ಮನುಷ್ಯನನ್ನ ಯಾರೋ ಬೆಲ್ಟನ್ನೇ ಕೊಯ್ದು ಬಿಡಿಸಿದಾರೆ. ತಂತಿ ಕತ್ತರಿಸಿದ್ದು ಆಮೇಲೆ, ಕಾರು ಇಲ್ಲಿ ತಂದು ಬಚ್ಚಿಟ್ಟವರು."

ಫೋನಿನಲ್ಲಿ ಮಗ ಇನ್ನೂ ಹಲೋ ಹಲೋ ಎನ್ನುತ್ತಿದ್ದ. ಸೊಸೆ ಅದನ್ನು ಕಿವಿಗೆ ಒತ್ತಿಕೊಂಡಳು.

"ಊರಲ್ಲಿ ಮಾವನನ್ನ ಬಿಟ್ಟು ಇನ್ಯಾರು ಕಾಣೆಯಾಗಿದಾರೆ?" ಎಂದು ಕೇಳಿದಳು.

"ಯಾರೂ ಇಲ್ಲ," ಎಂದ ಅವನು. "ಯಾಕೆ?"

ಹಾಗಾದರೆ ಆ ಸೀಟಿನಲ್ಲಿ ಕೂತಿದ್ದದ್ದು, ಕಾಣೆಯಾದರೂ ಯಾರೂ ದೂರು ಕೊಡದ ಒಬ್ಬರು.